ಬೇಂದ್ರೆಯವರಿಗೆ ತಂಗಿ, ನಮ್ಮತ್ತೆಗೆ ಅಕ್ಕ

ಏಪ್ರಿಲ್ ತಿಂಗಳು ಬಂತೆಂದರೆ ಬೆಳಗೋಡು ಸೀಮೆಯ ಕಾಫಿ ಬೆಳೆಗಾರರೆಲ್ಲ ಆಕಾಶ ನೋಡುತ್ತಾರೆ. ಹೂಮಳೆಯ ಹಿಂದೆಯೇ ಬರಬೇಕಾದ ಎರಡನೆಯ ಮಳೆ ಬಂದರೆ ವರ್ಷದ ಫಸಲು ನಿಂತಂತೆ, ಕೈಕೊಟ್ಟರೆ ಸಾಲಕ್ಕೆ ದಾರಿ. ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಮಟ್ಟಿಗೆ ಏಪ್ರಿಲ್‌ಗೆ ಇನ್ನೊಂದು ಗುರುತೂ ಇತ್ತು. ಆ ತಿಂಗಳ ಒಂದು ಸಂಜೆ ದೇವರ ಮನೆಯಲ್ಲಿ ದೀಪ ಹಚ್ಚಿದ ಮೇಲೆ ನಮ್ಮ ಸೋದರತ್ತೆ ತಮ್ಮ ಕೋಣೆಯ ಟ್ರಂಕಿನಿಂದ ರಟ್ಟು ಸಡಿಲವಾದ ಒಂದು ಪುಸ್ತಕ ತೆಗೆದು, ಕಣ್ಣಿಗೊತ್ತಿಕೊಂಡು, ಒಂದು ಕಥೆಯನ್ನು ಮೆಲುದನಿಯಲ್ಲಿ ಓದಿ ಮತ್ತೆ ಒಳಗಿಡುತ್ತಿದ್ದರು. ಅಂದು ರಾತ್ರಿ ಅವರು ಊಟ ಮಾಡುತ್ತಿರಲಿಲ್ಲ. ಕೇಳಿದರೆ, ಗೌರಕ್ಕ ತೀರಿಕೊಂಡ ದಿನಗಳು ಎನ್ನುತ್ತಿದ್ದರು. ಈ ಗೌರಕ್ಕ ನಮ್ಮ ಬಂಧುವೆಂದೇ ನಾನು ಹತ್ತು ವರ್ಷದವನಾಗುವವರೆಗೂ ನಂಬಿದ್ದೆ. ತಂದೆಯವರ ಕಡೆಯವರೋ ತಾಯಿಯವರ ಕಡೆಯವರೋ ಎಂದು ಒಮ್ಮೆ ತಂದೆಯನ್ನು ಕೇಳಿದಾಗ ಅವರು ನಕ್ಕು ಸುಮ್ಮನಾದರು.

ಆ ಪುಸ್ತಕ ‘ಕಂಬನಿ’. ಗೌರಕ್ಕ ಎಂದರೆ ಕನ್ನಡ ಸಾಹಿತ್ಯ ಚರಿತ್ರೆ ಕೊಡಗಿನ ಗೌರಮ್ಮ ಎಂದು ಗುರುತಿಸುವ ಕಥೆಗಾರ್ತಿ. ನಮ್ಮತ್ತೆ ಅವರನ್ನು ಒಮ್ಮೆಯೂ ನೋಡಿದವರಲ್ಲ. ಅತ್ತೆಯ ಮದುವೆ ನಡೆದು ಅವರು ಹೇಮಾವತಿ ದಾಟಿ ಕೊಡ್ಲಿಪೇಟೆಯ ಕಡೆಗೆ ಹೋಗುವ ಹೊತ್ತಿಗೆ ಗೌರಮ್ಮ ತೀರಿಕೊಂಡು ಎರಡು ವರ್ಷಗಳಾಗಿದ್ದವು. ಆದರೂ ಕಾಣದ ಆ ಹೆಣ್ಣುಮಗಳು ಅತ್ತೆಗೆ ಒಡಹುಟ್ಟಿದ ಅಕ್ಕನಿಗಿಂತ ಹತ್ತಿರದವರಾಗಿದ್ದರು. ಅದು ಹೇಗೆ ಸಾಧ್ಯವಾಯಿತೆಂಬುದು ನನಗೆ ಅರ್ಥವಾದದ್ದು ಸರ್ಕಾರಿ ಸೇವೆ ಮುಗಿಸಿ, ಓದಲು ಬಿಡುವು ಸಿಕ್ಕ ಮೇಲೆ.

ಗೌರಮ್ಮ ಹುಟ್ಟಿದ್ದು 1912ರಲ್ಲಿ, ಮಡಿಕೇರಿಯಲ್ಲಿ. ತಂದೆ ಎನ್.ಎಸ್. ರಾಮಯ್ಯ, ತಾಯಿ ನಂಜಕ್ಕ. ಕೊಡಗು ಆಗ ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದ ಪುಟ್ಟ ಪ್ರಾಂತ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಮೇಲೆ ಅದು ಕಂಪನಿಯ, ಆಮೇಲೆ ರಾಣಿಯ ಆಡಳಿತಕ್ಕೆ ಸೇರಿತ್ತು. ಮೈಸೂರು ಸಂಸ್ಥಾನದಲ್ಲಿದ್ದ ಬ್ರಿಟಿಷ್ ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರ್ ಕೂಡ ಆಗಿರುತ್ತಿದ್ದರು. ಗೌರಮ್ಮನವರು ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡರು. ಮದುವೆಯೂ ಆ ಕಾಲದ ರೂಢಿಯಂತೆ ಬೇಗನೆ ಆಯಿತು. ಪತಿ ಬಿ.ಟಿ. ಗೋಪಾಲಕೃಷ್ಣ ಸೋಮವಾರಪೇಟೆ ತಾಲ್ಲೂಕಿನ ಸುಂಟಿಕೊಪ್ಪದ ಬಳಿ, ಗುಂಡುಗುತ್ತಿ ಮಂಜುನಾಥಯ್ಯನವರ ಕಾಫಿ ತೋಟದಲ್ಲಿ ಮ್ಯಾನೇಜರಾಗಿದ್ದರು. ತೋಟದೊಡೆಯರ ಪಟ್ಟಿಯಲ್ಲಿ ಈ ದಂಪತಿಗಳ ಹೆಸರಿರಲಿಲ್ಲ. ಅವರದು ಸಂಬಳದ ಮೇಲೆ ನಡೆಯುವ ಸಂಸಾರ. ಮುಂದಿನ ಘಟನೆಯನ್ನು ತೂಗುವಾಗ ಇದನ್ನು ಮರೆಯಬಾರದು.

ತೋಟದ ಮನೆ ಏಕಾಂತದ ಜಾಗ. ಮಳೆಗಾಲದ ನಾಲ್ಕು ತಿಂಗಳು ನೆರೆಮನೆಯೆಂಬುದೇ ಇರುವುದಿಲ್ಲ. ಆ ಏಕಾಂತದಲ್ಲಿ ಕೆಲವರು ಕುಗ್ಗುತ್ತಾರೆ, ಕೆಲವರು ಓದುತ್ತಾರೆ. ಗೌರಮ್ಮ ಓದಿದರು, ಬರೆದರು, ಟೆನಿಸ್ ಆಡಿದರು, ಹೊಳೆಯಲ್ಲಿ ಈಜಿದರು. 1931ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ ಬರೆದ ಮೊದಲ ಕಥೆಯ ಹೆಸರು ‘ಪುನರ್ವಿವಾಹ’. ಹೆಸರೇ ಲೇಖಕಿಯ ಮನಸ್ಸು ಯಾವ ಕಡೆಗಿತ್ತೆಂದು ತಿಳಿಸುತ್ತದೆ. ಕಥೆಗಳ ಕೆಳಗೆ ಅವರು ಹಾಕುತ್ತಿದ್ದ ಸಹಿ ಮಿಸೆಸ್ ಬಿ.ಟಿ.ಜಿ. ಕೃಷ್ಣ ಎಂದು. ಗಂಡನ ಹೆಸರಿನ ಮರೆಯಲ್ಲಿ ನಿಂತೇ ಅವರು ಗಂಡಸರ ಲೋಕವನ್ನು ಪ್ರಶ್ನಿಸಿದರು. ಮರು ವರ್ಷ, 1932ರಲ್ಲಿ, ಡಿ.ವಿ. ಗುಂಡಪ್ಪನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಮಡಿಕೇರಿಯಲ್ಲೇ ನಡೆಯಿತು. ಕೊಡಗು ಕನ್ನಡದ ದೊಡ್ಡ ಅಂಗಳಕ್ಕೆ ಸೇರಿದೆಯೆಂಬ ಭಾವ ಆ ನಾಡಿನ ಓದುಬಲ್ಲವರಲ್ಲಿ ಗಟ್ಟಿಯಾಗುತ್ತಿದ್ದ ಕಾಲ ಅದು.

ಕನ್ನಡದಲ್ಲಿ ಹೆಂಗಸರು ಬರೆಯುವುದು ಅಷ್ಟು ಹೊಸದೇನೂ ಆಗಿರಲಿಲ್ಲ. ನಂಜನಗೂಡು ತಿರುಮಲಾಂಬಾ ಅವರು ತಾವೇ ಬರೆದು, ತಾವೇ ಪ್ರಕಟಿಸಿ, ಪತ್ರಿಕೆಯನ್ನೂ ನಡೆಸಿದ್ದರು. ಆರ್. ಕಲ್ಯಾಣಮ್ಮನವರು 1921ರಿಂದ ‘ಸರಸ್ವತಿ’ ಪತ್ರಿಕೆ ನಡೆಸುತ್ತಿದ್ದರು. ಇವರಿಬ್ಬರೂ ಬಾಲ್ಯದಲ್ಲೇ ವಿಧವೆಯರಾದವರು. ತಮ್ಮ ಬದುಕಿನ ಕತ್ತಲನ್ನು ಓದು ಬರಹದಿಂದ ಬೆಳಗಿಕೊಂಡವರು. ಗೌರಮ್ಮನವರ ವಿಶೇಷವೆಂದರೆ ಅವರು ವಿಧವೆಯಾಗಿರಲಿಲ್ಲ. ಒಲುಮೆಯ ಗಂಡ, ಪುಟ್ಟ ಮಗ, ನೆಮ್ಮದಿಯ ಮನೆ ಇದ್ದೂ ಅವರ ಕಣ್ಣು ಮತ್ತೆ ಮತ್ತೆ ನೆರೆಮನೆಯ ತರುಣ ವಿಧವೆಯ ಮೇಲೆ, ವರದಕ್ಷಿಣೆಗೆ ಬಲಿಯಾಗುವ ಹುಡುಗಿಯ ಮೇಲೆ, ಮೋಸಹೋಗಿ ಮನೆಯಿಂದ ಹೊರಬಿದ್ದವಳ ಮೇಲೆ ಹೋಗುತ್ತಿತ್ತು. ‘ವಾಣಿಯ ಸಮಸ್ಯೆ’, ‘ಅಪರಾಧಿ ಯಾರು?’, ‘ಆಹುತಿ’, ‘ಮನುವಿನ ರಾಣಿ’ ಇವು ಅವರ ಹೆಸರಾದ ಕಥೆಗಳು. ಅವುಗಳಲ್ಲಿ ಉಪದೇಶ ಕಡಿಮೆ. ಯಾರನ್ನೂ ರಾಕ್ಷಸರನ್ನಾಗಿ ಮಾಡುವ ಹಟವಿಲ್ಲ. ಒಳ್ಳೆಯವರೇ ಆದ ಜನ ಸೇರಿ ಒಬ್ಬ ಹೆಣ್ಣುಮಗಳ ಬದುಕನ್ನು ಹೇಗೆ ಹಾಳುಮಾಡಬಲ್ಲರೆಂಬುದನ್ನು ಅವು ಸದ್ದಿಲ್ಲದೆ ತೋರಿಸುತ್ತವೆ.

ಗೌರಮ್ಮನವರ ಹೆಸರು ಕೊಡಗಿನ ಮನೆಮಾತಾದದ್ದು ಮಾತ್ರ ಕಥೆಗಳಿಂದಲ್ಲ, 1934ರ ಫೆಬ್ರವರಿಯ ಒಂದು ಘಟನೆಯಿಂದ. ಹರಿಜನೋದ್ಧಾರದ ನಿಧಿಗಾಗಿ ದೇಶ ಸುತ್ತುತ್ತಿದ್ದ ಗಾಂಧೀಜಿ ಕೊಡಗಿಗೆ ಬಂದರು. ಗುಂಡುಗುತ್ತಿ ತೋಟದಲ್ಲಿ ಅವರ ಬಿಡಾರ. ತಮ್ಮ ಮನೆಗೂ ಅವರು ಬರಬೇಕೆಂದು ಗೌರಮ್ಮ ಹೇಳಿಕಳಿಸಿದರು. ಗಳಿಗೆ ಗಳಿಗೆಗೂ ಲೆಕ್ಕವಿದ್ದ ಪ್ರವಾಸದಲ್ಲಿ ಮ್ಯಾನೇಜರರ ಮನೆಗೆ ಹೋಗಲು ಬಿಡುವಿಲ್ಲವೆಂದಾಗ ಅವರು ಗಾಂಧೀಜಿಯ ಅಸ್ತ್ರವನ್ನು ಗಾಂಧೀಜಿಯ ಮೇಲೆಯೇ ಪ್ರಯೋಗಿಸಿ ಉಪವಾಸ ಕುಳಿತರು. ವಿಷಯ ತಿಳಿದ ಗಾಂಧೀಜಿ ಮನೆಗೆ ಬಂದೇಬಂದರು. ಮಂಗಳಸೂತ್ರ, ಓಲೆ, ಮೂಗುಬೊಟ್ಟಿನಷ್ಟನ್ನು ಉಳಿಸಿಕೊಂಡು ಉಳಿದ ಒಡವೆಗಳನ್ನೆಲ್ಲ ಗೌರಮ್ಮ ಅವರ ಕೈಗೆ ಹಾಕಿದರು. ಆಗ ಅವರಿಗೆ ಇಪ್ಪತ್ತೆರಡು ವರ್ಷವೂ ತುಂಬಿರಲಿಲ್ಲ.

ಈ ಪ್ರಸಂಗವನ್ನು ನಮ್ಮವರು ತ್ಯಾಗದ ಕಥೆಯಾಗಿ ಹೇಳಿ ಮುಗಿಸುತ್ತಾರೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಅದರ ಇನ್ನೊಂದು ಮುಖ ಕಾಣುತ್ತದೆ. 1929ರಲ್ಲಿ ಆರಂಭವಾದ ಮಹಾ ಆರ್ಥಿಕ ಕುಸಿತದಿಂದ ಕೃಷಿ ಉತ್ಪನ್ನಗಳ ಬೆಲೆ ನೆಲಕಚ್ಚಿತ್ತು. ಕಾಫಿಯೂ ಅದಕ್ಕೆ ಹೊರತಾಗಿರಲಿಲ್ಲ. 1931ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಚಿನ್ನದ ಮಾನದಂಡವನ್ನು ಕೈಬಿಟ್ಟಿತು. ಸ್ಟರ್ಲಿಂಗ್‌ಗೆ ಕಟ್ಟಿಹಾಕಿದ್ದ ರೂಪಾಯಿಯ ಲೆಕ್ಕದಲ್ಲಿ ಚಿನ್ನದ ಬೆಲೆ ಏರಿತು. ಸಾಲ, ಕಂದಾಯ ಕಟ್ಟಲಾಗದ ರೈತ ಕುಟುಂಬಗಳು ಹೆಂಗಸರ ಮೈಮೇಲಿನ ಒಡವೆಗಳನ್ನು ಮಾರಿದವು. ಹಾಗೆ ಹಳ್ಳಿಗಳಿಂದ ಹೊರಬಿದ್ದ ಬಂಗಾರ ಹಡಗು ತುಂಬಿ ಲಂಡನ್ನಿಗೆ ಹೋಯಿತು. ಆರ್ಥಿಕ ಇತಿಹಾಸಕಾರರು ಇದನ್ನು ಸಂಕಟದ ಚಿನ್ನವೆಂದು ಕರೆಯುತ್ತಾರೆ. ಆ ವರ್ಷಗಳಲ್ಲಿ ಲಕ್ಷಾಂತರ ಹೆಂಗಸರ ಒಡವೆ ಅವರನ್ನು ಕೇಳದೆ ಮನೆಯಿಂದ ಹೋಯಿತು. ಗೌರಮ್ಮನವರ ಒಡವೆ ಅವರ ಇಷ್ಟದಂತೆ ಹೋಯಿತು. ಸಂಬಳದ ಮೇಲೆ ನಿಂತ ಮನೆಯಲ್ಲಿ ಕಷ್ಟಕಾಲಕ್ಕೆಂದು ಇರುವ ಒಂದೇ ಆಸ್ತಿಯನ್ನು, ಅದೂ ಬೆಲೆ ಏರುತ್ತಿದ್ದ ಕಾಲದಲ್ಲಿ, ಒಬ್ಬಾಕೆ ತನ್ನದೆಂದು ತಿಳಿದು ತಾನೇ ವಿಲೇವಾರಿ ಮಾಡಿದಳು. ದಾನಕ್ಕಿಂತ ಮೊದಲು ಅದು ಒಡೆತನದ ಘೋಷಣೆ. ತನ್ನದಲ್ಲದ್ದನ್ನು ಯಾರೂ ದಾನ ಮಾಡಲಾರರು.

ಹೆಣ್ಣಿನ ಒಡೆತನದ ಪ್ರಶ್ನೆ ಆಗ ಕಾನೂನಿನಲ್ಲೂ ಕುದಿಯುತ್ತಿತ್ತು. ನಮ್ಮ ಬೆಳಗೋಡು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಕೆಲವೇ ಗಾವುದ ದೂರದ ಕೊಡ್ಲಿಪೇಟೆ ಬ್ರಿಟಿಷ್ ಕೊಡಗಿಗೆ. ಮೈಸೂರು 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವನ್ನು ಮಾಡಿ ಸ್ತ್ರೀಧನಕ್ಕೆ, ವಿಧವೆಯ ಪಾಲಿಗೆ ಒಂದಿಷ್ಟು ಭದ್ರತೆ ಕೊಟ್ಟಿತು. ಬ್ರಿಟಿಷ್ ಭಾರತದಲ್ಲಿ ಹಿಂದೂ ಸ್ತ್ರೀಯರ ಆಸ್ತಿ ಹಕ್ಕಿನ ಕಾಯ್ದೆ ಬಂದದ್ದು 1937ರಲ್ಲಿ. ವಿಧವಾ ವಿವಾಹಕ್ಕೆ ಕಾನೂನಿನ ಒಪ್ಪಿಗೆಯಂತೂ 1856ರಿಂದಲೇ ಇತ್ತು. ಕಾಗದದ ಮೇಲೆ ಎಲ್ಲವೂ ಇತ್ತು. ಗೌರಮ್ಮನವರ ಕಥೆಗಳು ಹುಟ್ಟಿದ್ದು ಈ ಕಾಗದಕ್ಕೂ ಮನೆಯ ಹೊಸ್ತಿಲಿಗೂ ನಡುವಿನ ಅಂತರದಲ್ಲಿ.

ಈ ಕಥೆಗಳ ಮೂಲಕವೇ ಧಾರವಾಡದ ದ.ರಾ. ಬೇಂದ್ರೆಯವರಿಗೆ ಅವರು ಪರಿಚಿತರಾದರು. ಪರಿಚಯ ಅಣ್ಣ ತಂಗಿಯ ನಂಟಾಯಿತು. ಭಾಷೆಯ ಬಳಗದಲ್ಲಿ ಇಂಥ ನಂಟುಗಳು ಆಗ ಸಹಜವಾಗಿದ್ದವು. ದೂರದ ಊರಿನ ಒಬ್ಬ ಕವಿ ತೋಟದ ಮನೆಯ ಗೃಹಿಣಿಯ ಬರಹವನ್ನು ಓದಿ, ಅವಳನ್ನು ಮನೆಯ ಮಗಳೆಂದು ಭಾವಿಸುವುದು ಆಡಂಬರದ ಮಾತಾಗಿರಲಿಲ್ಲ. ಅದು ಎಷ್ಟು ನಿಜವಾಗಿತ್ತೆಂಬುದನ್ನು ಕಾಲ ಬೇಗನೆ, ಕ್ರೂರವಾಗಿ ತೋರಿಸಿಕೊಟ್ಟಿತು.

1939ರ ಏಪ್ರಿಲ್‌ನಲ್ಲಿ ಈಜಲು ಹೊಳೆಗಿಳಿದ ಗೌರಮ್ಮ ಸುಳಿಗೆ ಸಿಕ್ಕಿ ತೀರಿಕೊಂಡರು. ಅವರಿಗೆ ಆಗ ಇಪ್ಪತ್ತೇಳು ವರ್ಷ. ಬರೆಯಲಾರಂಭಿಸಿ ಎಂಟು ವರ್ಷವಷ್ಟೇ ಆಗಿತ್ತು. ಒಂದು ಪುಸ್ತಕವೂ ಹೊರಬಂದಿರಲಿಲ್ಲ. ಮಲೆನಾಡಿನವರಿಗೆ ಬೇಸಿಗೆಯ ಹೊಳೆಯ ಮೋಸ ಗೊತ್ತು. ಮೇಲೆ ತಿಳಿನೀರು, ಮೊಣಕಾಲುದ್ದವೆಂದು ಕಾಣುವ ಕಡೆಯಲ್ಲೇ ಬಂಡೆಯ ಕೆಳಗೆ ಸುಳಿ. ಈಜು ಬಾರದವರು ದಡದಲ್ಲೇ ನಿಲ್ಲುತ್ತಾರೆ. ಹೊಳೆ ಸೆಳೆದೊಯ್ಯುವುದು ಬಲ್ಲವರನ್ನೇ.

ಪತಿ ಹೆಂಡತಿಯನ್ನು ಕಳೆದುಕೊಂಡರು, ಪುಟ್ಟ ಹುಡುಗ ತಾಯಿಯನ್ನು. ಎಳವೆಯಲ್ಲಿ ತಾಯಿಯಿಲ್ಲದೆ ಬೆಳೆದವರ ಮಗನಿಗೂ ಅದೇ ಗತಿಯಾಯಿತು. ತಮ್ಮದೇ ಮಕ್ಕಳನ್ನು ಮಣ್ಣಿಗಿಟ್ಟು ಬಂದಿದ್ದ ಬೇಂದ್ರೆಯವರು ಈ ತಂಗಿಗಾಗಿ ಕವಿತೆ ಬರೆದು ಅತ್ತರು; ಕಥೆಗಳ ಸಂಕಲನಕ್ಕೆ ಮುನ್ನುಡಿ ಬರೆದರು. ಗೌರಮ್ಮ ತೀರಿಕೊಂಡ ಮೇಲೆ ‘ಕಂಬನಿ’, ಆ ಬಳಿಕ ‘ಚಿಗುರು’ ಹೊರಬಂದವು. ಎರಡೂ ಸೇರಿ ಇಪ್ಪತ್ತರ ಆಸುಪಾಸಿನ ಕಥೆಗಳು. ಒಂದು ಸಣ್ಣ ಬೀರುವಿನ ಮೂಲೆಗೂ ಸಾಲದಷ್ಟು ಬರಹ. ಆದರೆ ಕನ್ನಡ ಸಣ್ಣಕಥೆಯ ಯಾವ ಚರಿತ್ರೆಯೂ ಅದನ್ನು ದಾಟಿ ಹೋಗಲಾರದು.

ಆ ‘ಕಂಬನಿ’ಯ ಒಂದು ಪ್ರತಿ ನಮ್ಮತ್ತೆಯ ಕೈ ಸೇರಿದ್ದು ಅವರ ಗಂಡ ಮಡಿಕೇರಿಯಿಂದ ತಂದುಕೊಟ್ಟಾಗ. ಆ ಮಾವನನ್ನು ನಾನು ನೋಡಿಲ್ಲ. ಮದುವೆಯಾದ ಮೂರೇ ವರ್ಷಕ್ಕೆ, 1944ರಲ್ಲಿ, ವಿಷಮಶೀತ ಜ್ವರ ಅವರನ್ನು ಕೊಂಡೊಯ್ಯಿತು. ಹದಿನೆಂಟರ ಅತ್ತೆ ಒಂದು ಟ್ರಂಕಿನೊಂದಿಗೆ ಬೆಳಗೋಡಿನ ತವರಿಗೆ ಮರಳಿದರು. ನಮ್ಮಲ್ಲಿ ತಲೆ ಬೋಳಿಸುವಂಥ ಕ್ರೌರ್ಯವಿರಲಿಲ್ಲ. ಯಾರೂ ಅವರಿಗೆ ಬಿರುಸಿನ ಮಾತಾಡಲಿಲ್ಲ. ಮನೆಯ ಮಕ್ಕಳೆಲ್ಲ ಅವರ ಮಡಿಲಲ್ಲಿ ಬೆಳೆದೆವು. ಮದುವೆ ಮುಂಜಿಗಳಲ್ಲಿ ಮಾತ್ರ ಅವರು ಅಡುಗೆಮನೆಯ ಹಿಂಬಾಗಿಲ ಬಳಿ ಇರುತ್ತಿದ್ದರು. ಇನ್ನೊಂದು ಮದುವೆಯ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಬೇಡವೆಂದವರೂ ಯಾರೂ ಇರಲಿಲ್ಲ. ಆ ಮಾತಿಗೆ ನಮ್ಮ ಮನೆಯಲ್ಲಿ ಜಾಗವೇ ಇರಲಿಲ್ಲ. ಗೌರಮ್ಮನವರ ಕಥೆಗಳ ಒಳ್ಳೆಯ ಜನರು ನಾವೇ ಆಗಿದ್ದೆವು.

ನಲವತ್ತು ವರ್ಷ ನಮ್ಮ ತೋಟದ ಚೆಕ್‌ರೋಲ್ ಬರೆದದ್ದು ಅತ್ತೆ. ಯಾವ ಆಳು ಎಷ್ಟು ದಿನ ಬಂದ, ಯಾರು ಎಷ್ಟು ಬುಟ್ಟಿ ಹಣ್ಣು ಕೊಯ್ದರು, ವಾರದ ಬಟವಾಡೆ ಎಷ್ಟು, ಕಾಫಿ ಮಂಡಳಿಯ ಪೂಲಿಗೆ ಹೋದ ಮೂಟೆಗಳೆಷ್ಟು, ಬರಬೇಕಾದ ಕಂತಿನ ಹಣವೆಷ್ಟು, ಎಲ್ಲವೂ ಅವರ ಮುತ್ತಿನಂಥ ಅಕ್ಷರದಲ್ಲಿದೆ. ಆ ಪುಸ್ತಕಗಳಲ್ಲಿ ನೂರಾರು ಜನರ ಹೆಸರಿದೆ, ಕೂಲಿಯಿದೆ. ಬರೆದವರ ಹೆಸರಿಲ್ಲ, ಅವರಿಗೆ ಕೂಲಿಯೂ ಇಲ್ಲ.

1968ರಲ್ಲಿ ಅಜ್ಜ ತೀರಿಕೊಂಡರು. ಮರುವರ್ಷ ಮನೆ ಪಾಲಾಯಿತು. ಅಜ್ಜನ ಭಾಗದಲ್ಲಿ ಗಂಡುಮಕ್ಕಳಂತೆ ಹೆಣ್ಣುಮಕ್ಕಳಿಗೂ ಹಕ್ಕಿದೆಯೆಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೇಳಿತ್ತು. ಅದು ಹಿರಿಯರಿಗೆ ತಿಳಿಯದ ಸಂಗತಿಯಲ್ಲ. ತಿಳಿದಿದ್ದರಿಂದಲೇ ಬಿಡುಗಡೆ ಪತ್ರ ತಯಾರಾಗಿತ್ತು. ಹೆಬ್ಬೆಟ್ಟಿಗೆಂದು ಮಸಿಯ ಪೆಟ್ಟಿಗೆ ಹಿಡಿದು ನಿಂತಿದ್ದವನು ಹನ್ನೊಂದು ವರ್ಷದ ನಾನು. ಅತ್ತೆ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ, ಪೆನ್ನು ತರಲು ಹೇಳಿ, ತಮ್ಮ ಪೂರ್ಣ ಹೆಸರನ್ನು ನಿಧಾನವಾಗಿ ಬರೆದರು. ನಮ್ಮ ಮನೆತನದ ಯಾವುದೇ ದಸ್ತಾವೇಜಿನಲ್ಲಿ ಅವರ ಹೆಸರು ಕಾಣುವುದು ಅದೊಂದೇ ಕಡೆ. ತಮ್ಮ ಹಕ್ಕನ್ನು ಬಿಟ್ಟುಕೊಟ್ಟ ಕಾಗದದ ಮೇಲೆ.

ಮುಂದೆ ನಾನು ಕಂದಾಯ ಇಲಾಖೆಗೆ ಸೇರಿದೆ. ಎಷ್ಟು ಸಾವಿರ ಹಕ್ಕು ಬದಲಾವಣೆಗಳಿಗೆ ಸಹಿ ಹಾಕಿದೆನೋ ಲೆಕ್ಕವಿಲ್ಲ. ಅವುಗಳಲ್ಲಿ ಅಕ್ಕತಂಗಿಯರ ಬಿಡುಗಡೆ ಪತ್ರಗಳು ಎಷ್ಟಿದ್ದವೆಂದೂ ಎಣಿಸಲಿಲ್ಲ. ಸ್ವಂತ ಇಚ್ಛೆಯಿಂದ, ಪ್ರೀತಿ ವಿಶ್ವಾಸದಿಂದ ಎಂಬ ಅಚ್ಚಿನ ಸಾಲನ್ನು ಓದಿ ಮುಂದಿನ ಕಡತಕ್ಕೆ ಹೋಗುತ್ತಿದ್ದೆ. ಕಾನೂನಿನ ಪ್ರಕಾರ ಅದರಲ್ಲಿ ತಪ್ಪಿರಲಿಲ್ಲ. ಅತ್ತೆ 1999ರಲ್ಲಿ ತೀರಿಕೊಂಡರು. ಒಂದೆರಡು ವರ್ಷಗಳಲ್ಲಿ ಭೂಮಿ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತವಾದವು. ಅದನ್ನು ನನ್ನ ಪೀಳಿಗೆಯ ಅಧಿಕಾರಿಗಳು ಹೆಮ್ಮೆಯಿಂದ ನೆನೆಯುತ್ತೇವೆ. ಕುತೂಹಲಕ್ಕೆಂದು ನಮ್ಮ ತೋಟದ ಪಹಣಿಯ ಪ್ರತಿಯನ್ನೂ ತೆಗೆಸಿ ನೋಡಿದೆ. ದಾಖಲೆ ಅಚ್ಚುಕಟ್ಟಾಗಿತ್ತು. ನಲವತ್ತು ವರ್ಷ ಆ ಮಣ್ಣಿನ ಲೆಕ್ಕ ಬರೆದವರು ಅದರಲ್ಲಿ ಇರಲಿಲ್ಲ. ಆ ಸಂಜೆಯೇ ಅವರ ಟ್ರಂಕನ್ನು ತೆಗೆದು, ‘ಕಂಬನಿ’ಯನ್ನು ಮೊದಲಿನಿಂದ ಕೊನೆಯವರೆಗೆ ಮೊದಲ ಸಲ ಓದಿದೆ. ಪುಟಗಳ ಅಂಚನ್ನು ಬೆಳ್ಳಿಹುಳ ತಿಂದಿತ್ತು.

ಗೌರಮ್ಮನವರನ್ನು ಕನ್ನಡ ಮರೆತಿಲ್ಲ. ಕೊಡಗಿನಲ್ಲಿ ಅವರ ಹೆಸರಿನ ದತ್ತಿ ಪ್ರಶಸ್ತಿಯನ್ನು ಲೇಖಕಿಯರಿಗೆ ಕೊಡುತ್ತ ಬಂದಿದ್ದಾರೆ. ಮಡಿಕೇರಿಯ ದೀಪಾ ಭಾಸ್ತಿಯವರು ಅನುವಾದಿಸಿದ ಗೌರಮ್ಮನವರ ಕಥೆಗಳು ‘ಫೇಟ್ಸ್ ಗೇಮ್ ಅಂಡ್ ಅದರ್ ಸ್ಟೋರೀಸ್’ ಎಂಬ ಹೆಸರಿನಲ್ಲಿ 2023ರಲ್ಲಿ ಇಂಗ್ಲಿಷಿಗೆ ಹೋದವು. ಅದೇ ಅನುವಾದಕಿಯ ಕೈಯಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು ‘ಹಾರ್ಟ್ ಲ್ಯಾಂಪ್’ ಆಗಿ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಈ ಇಬ್ಬರು ಕಥೆಗಾರ್ತಿಯರು ಬೇರೆ ಬೇರೆ ಮತ, ಬೇರೆ ಬೇರೆ ಕಾಲದವರು. ಆದರೂ ಇಬ್ಬರ ಕಥೆಗಳಲ್ಲೂ ಹೆಣ್ಣು ನಿಂತಿರುವ ಹೊಸ್ತಿಲು ಬಹಳ ಬೇರೆಯದಲ್ಲ. ನಮ್ಮ ಜಿಲ್ಲೆಗೆ ಹೆಮ್ಮೆ ತಂದ ದಿನ ನನಗೆ ಈ ಯೋಚನೆಯೂ ಬಂತು.

ಕಾನೂನು ಮಾತ್ರ ಬಹಳ ದೂರ ನಡೆದಿದೆ. ಕರ್ನಾಟಕ 1994ರಲ್ಲಿ, ಕೇಂದ್ರ 2005ರಲ್ಲಿ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತ ಆಸ್ತಿಯ ಸಹಭಾಗಿಗಳನ್ನಾಗಿ ಮಾಡಿದವು. ಆ ಹಕ್ಕು ಹುಟ್ಟಿನಿಂದಲೇ ಬರುವಂಥದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸಂಶಯಕ್ಕೆಡೆಯಿಲ್ಲದಂತೆ ತೀರ್ಪಿತ್ತಿತು. ಆದರೆ 1969ರ ನಮ್ಮ ಪಾಲು ಮುಗಿದ ಮಾತು. ಅತ್ತೆಗೆ ಸಲ್ಲಬೇಕಾದದ್ದನ್ನು ಯಾವ ನ್ಯಾಯಾಲಯವೂ ಇನ್ನು ಕೊಡಿಸಲಾರದು.

ಕಳೆದ ವರ್ಷ ನಮ್ಮ ತಲೆಮಾರಿನ ಪಾಲಿನ ಮಾತು ಬಂತು. ಸಹೋದರರೆಲ್ಲ ಸೇರಿದ್ದೆವು. ನಮ್ಮ ಇಬ್ಬರು ತಂಗಿಯರ ಬಿಡುಗಡೆ ಪತ್ರ ಮೊದಲೇ ಬೆರಳಚ್ಚಾಗಿ ಬಂದಿತ್ತು. ಈಗ ಕಂಪ್ಯೂಟರಿನಲ್ಲಿ ಅಷ್ಟೆ, ಸಾಲುಗಳು ಅವೇ. ತಂಗಿಯರು ನಗುನಗುತ್ತಲೇ ಸಹಿಗೆ ಸಿದ್ಧರಾಗಿದ್ದರು. ಹಿರಿಯನೆಂದು, ಕಾನೂನು ಬಲ್ಲವನೆಂದು ಪತ್ರವನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಇದನ್ನು ಬಿಟ್ಟು ಪಾಲು ಮಾಡೋಣವೆಂದೆ. ಒಬ್ಬ ತಮ್ಮ ಅಂದಿನಿಂದ ನನ್ನೊಡನೆ ಸರಿಯಾಗಿ ಮಾತಾಡಿಲ್ಲ. ತಂಗಿಯರಲ್ಲಿ ಒಬ್ಬಳು, ತವರು ಕೆಡುವುದಾದರೆ ತನಗೆ ಏನೂ ಬೇಡವೆಂದು ಅತ್ತಳು. ಇಂದಿನವರೆಗೂ ವಿಷಯ ತೀರ್ಮಾನವಾಗಿಲ್ಲ. ನಾನು ಮಾಡಿದ್ದು ಸರಿಯೆಂದು ಮನೆಯಲ್ಲಿ ಎಲ್ಲರೂ ಒಪ್ಪುತ್ತಾರೆಂಬ ಭರವಸೆಯೂ ನನಗಿಲ್ಲ.

ಇಪ್ಪತ್ತೊಂದರ ಹರೆಯದಲ್ಲಿ ಬಂಗಾರವನ್ನು ಬಿಚ್ಚಿಕೊಟ್ಟ ಹೆಣ್ಣುಮಗಳನ್ನು ನಾವು ಕೊಂಡಾಡುತ್ತೇವೆ. ಕೊಡುವುದಕ್ಕೆ ಅವರ ಬಳಿ ತಮ್ಮದೆನ್ನುವಂಥದ್ದು ಇತ್ತು, ಕೊಡುವ ನಿರ್ಧಾರವೂ ಅವರದಾಗಿತ್ತು. ನಮ್ಮತ್ತೆ ಕೊಟ್ಟದ್ದು ಅದಕ್ಕಿಂತ ಕಡಿಮೆಯಲ್ಲ. ಆದರೆ ಅದನ್ನು ಅವರು ಕೊಟ್ಟರೆನ್ನಲು ನನಗೆ ನಾಲಿಗೆ ಬಾರದು, ನಾವು ತೆಗೆದುಕೊಂಡೆವು. ಈ ವ್ಯತ್ಯಾಸವನ್ನು ಅತ್ತೆ ಬಲ್ಲವರಾಗಿದ್ದರೆಂದೇ ಈಗ ನನಗನ್ನಿಸುತ್ತದೆ. ಇಲ್ಲದಿದ್ದರೆ ತಾವು ಕಾಣದ ಒಬ್ಬ ಅಕ್ಕನಿಗಾಗಿ ಅಷ್ಟು ವರ್ಷ, ಪ್ರತಿ ಏಪ್ರಿಲ್‌ನಲ್ಲೂ, ಅವರು ಒಂದು ಹೊತ್ತಿನ ಊಟ ಬಿಡುತ್ತಿರಲಿಲ್ಲ.